ರೋಗಿಯನ್ನು ಎಬ್ಬಿಸಿ ನಿಲ್ಲಿಸುವ ಕೈ: ನಮ್ಮ ದವಾಖಾನೆಗಳ ಬರೆಯದ ಇತಿಹಾಸ

ಆಳಂದ ಇರಲಿ, ಅಫಜಲಪುರ ಇರಲಿ, ಜೇವರ್ಗಿ ಇರಲಿ, ನಮ್ಮ ಕಡೆ ಒಬ್ಬ ರೋಗಿ ದವಾಖಾನೆಗೆ ಸೇರಿದರೆ ಜೊತೆಗೆ ಇಬ್ಬರು ಮೂವರು ಹೋಗುತ್ತಾರೆ. ಒಬ್ಬರು ಚೀಟಿ ಹಿಡಿದು ಔಷಧಿ ಅಂಗಡಿಗೆ ಓಡುತ್ತಾರೆ. ಇನ್ನೊಬ್ಬರು ಊರಿನಿಂದ ರೊಟ್ಟಿ ಬುತ್ತಿ ತರುತ್ತಾರೆ. ಮೂರನೆಯವರು ಮಂಚದ ಪಕ್ಕ ಚಾದರ ಹಾಸಿಕೊಂಡು ರಾತ್ರಿ ಕಳೆಯುತ್ತಾರೆ. ನಡುರಾತ್ರಿ ರೋಗಿ ಪಾಯಖಾನೆಗೆ ಹೋಗಬೇಕು ಎಂದಾಗ ಏಳಿಸಿ ನಿಲ್ಲಿಸುವವರು ಈ ಮೂರನೆಯವರೇ. ಹೆಚ್ಚಿನ ಸಲ ಅದು ಹೆಂಡತಿ, ಮಗಳು, ಸೊಸೆ ಅಥವಾ ಮೊಮ್ಮಗ.

ಡಾಕ್ಟರರ ಇತಿಹಾಸ ಪುಸ್ತಕಗಳಲ್ಲಿದೆ. ದವಾಖಾನೆ ಕಟ್ಟಿದವರ ಹೆಸರು ಗೋಡೆಯ ಕಲ್ಲಿನ ಮೇಲಿದೆ. ಎಬ್ಬಿಸಿ ನಿಲ್ಲಿಸುವ ಈ ಕೈಯ ಇತಿಹಾಸ ಮಾತ್ರ ಎಲ್ಲಿಯೂ ಇಲ್ಲ. ಈ ಬರಹದಲ್ಲಿ ನಾವು ಅದನ್ನೇ ಹುಡುಕಿದ್ದೇವೆ.

ಹುಡುಕುತ್ತಾ ಹೋದಾಗ ಕಂಡದ್ದು ಇಷ್ಟು. "ಮಲಗಿದಷ್ಟೂ ಬೇಗ ಗುಣ" ಎಂದು ಒಂದು ಕಾಲಕ್ಕೆ ಡಾಕ್ಟರರೇ ಹೇಳಿದ್ದರು. ಸುಮಾರು 80 ವರ್ಷದ ಹಿಂದೆ ಅವರೇ ಆ ಮಾತನ್ನು ವಾಪಸ್ ತೆಗೆದುಕೊಂಡರು. ಆದರೆ ಆ ಬದಲಾವಣೆ ನಮ್ಮ ಊರುಗಳಿಗೆ ಅರ್ಧ ಮಾತ್ರ ಬಂದಿತು. "ನಡೆಸ್ರಿ" ಎಂಬ ಮಾತು ಬಂತು. "ಹೇಗೆ ನಡೆಸಬೇಕು" ಎಂಬುದು ಬರಲಿಲ್ಲ.

ಏಳಲಾರದ ಕಾಲಗಳನ್ನು ಕಂಡ ನೆಲ

ನಿಲ್ಲಲಾಗದ, ನಡೆಯಲಾಗದ ಸಂಕಟ ಈ ಭಾಗಕ್ಕೆ ಹೊಸದಲ್ಲ. ಅರವತ್ತು ದಾಟಿದ ಹಿರಿಯರನ್ನು ಕೇಳಿ, ಅನೇಕರಿಗೆ ನಾರುಹುಣ್ಣು ನೆನಪಿರುತ್ತದೆ. ಮೆಟ್ಟಿಲು ಬಾವಿಯ ನೀರು ಕುಡಿದ ಸುಮಾರು ಒಂದು ವರ್ಷದ ನಂತರ ಕಾಲಿನ ಚರ್ಮ ಒಡೆದು ದಾರದಂಥ ಹುಳ ಹೊರಗೆ ಬರುತ್ತಿತ್ತು. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆಯಬೇಕಿತ್ತು. ವಾರಗಟ್ಟಲೆ ನಡೆಯಲು ಆಗುತ್ತಿರಲಿಲ್ಲ. ದೇಶದಲ್ಲಿ ಈ ರೋಗದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಸಾರಿತು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಮಲಗಿದ್ದ ಜನರ ಮೇಲೆ ಕಿಲ್ಲಾರಿಯ ಮನೆಗಳು ಬಿದ್ದವು. ಆಳಂದ ತಾಲೂಕಿನ ಗಡಿಯಾಚೆ ಉಮರ್ಗಾ, ಅದರ ಆಚೆ ಕಿಲ್ಲಾರಿ. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ: ನಮ್ಮ ಕಡೆಯ ಹಳೆಯ ಮನೆಗಳಂಥವೇ. ಸುಮಾರು 10 ಸಾವಿರ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ಗಾಯಗೊಂಡರು. ಸೊಲ್ಲಾಪುರದ ದವಾಖಾನೆಗಳು ಮೂಳೆ ಮುರಿದವರಿಂದ ತುಂಬಿದವು. ಕಲ್ಲು ಮಣ್ಣಿನಡಿ ಸಿಕ್ಕವರನ್ನು ಹೇಗೆ ಎತ್ತಬೇಕು, ಯಾರನ್ನು ಎತ್ತಿ ಕೂರಿಸಲೇಬಾರದು ಎಂಬ ಪ್ರಶ್ನೆ ಅಂಥ ಹೊತ್ತಿನಲ್ಲಿ ಜೀವನ್ಮರಣದ ಪ್ರಶ್ನೆ.

ಆಮೇಲೆ 2006. ಚಿಕುನ್‌ಗುನ್ಯಾ. ಆಗಿನ್ನೂ ಗುಲಬರ್ಗಾ ಎಂಬ ಹೆಸರಿದ್ದ ನಮ್ಮ ಜಿಲ್ಲೆ, ರಾಜ್ಯದಲ್ಲಿ ಅದರ ಹೊಡೆತ ಜೋರಾಗಿ ತಿಂದ ಜಿಲ್ಲೆಗಳಲ್ಲಿ ಒಂದು. ಮನೆಯಲ್ಲಿ ಒಬ್ಬರಲ್ಲ, ಎಲ್ಲರೂ ಗೋಡೆ ಹಿಡಿದು ಬಾಗಿ ನಡೆದರು. ಆ ರೋಗದ ಹೆಸರಿನ ಅರ್ಥವೂ ಅದೇ. ಆಫ್ರಿಕದ ಮಕೊಂಡೆ ಭಾಷೆಯಲ್ಲಿ ಚಿಕುನ್‌ಗುನ್ಯಾ ಎಂದರೆ ಬಗ್ಗಿಸುವಂಥದ್ದು.

ಹುಳ, ಭೂಕಂಪ, ಸೊಳ್ಳೆ. ಕಾರಣ ಬೇರೆ ಬೇರೆ. ಆದರೆ ಮೂರರಲ್ಲೂ ಏಳಲಾರದವರನ್ನು ಏಳಿಸಿದ್ದು ಮನೆಯವರ, ನೆರೆಯವರ ಕೈ. ಆ ಕೈಗೆ ಯಾರೂ ಏನೂ ಕಲಿಸಿರಲಿಲ್ಲ.

ಹಾಸಿಗೆಯೇ ಔಷಧವಾಗಿದ್ದ ಕಾಲ

ಈಗ ಸ್ವಲ್ಪ ದೂರ ಹೋಗೋಣ. ಡಾಕ್ಟರರು ರೋಗಿಯನ್ನು ಇಷ್ಟು ದಿನ ಮಲಗಿಸಿದ್ದಾದರೂ ಯಾಕೆ?

1860ರ ದಶಕದ ಆರಂಭದಲ್ಲಿ ಲಂಡನ್ನಿನ ಸರ್ಜನ್ ಜಾನ್ ಹಿಲ್ಟನ್ ವಿಶ್ರಾಂತಿ ಮತ್ತು ನೋವಿನ ಬಗ್ಗೆ ಸಾಲಾಗಿ ಉಪನ್ಯಾಸ ಕೊಟ್ಟರು. 1863ರಲ್ಲಿ ಅವು ಪುಸ್ತಕವಾಗಿ ಬಂದವು. ಗಾಯವಾದ ಅಂಗಕ್ಕೆ ವಿಶ್ರಾಂತಿ ಕೊಟ್ಟರೆ ದೇಹ ತಾನೇ ರಿಪೇರಿ ಮಾಡಿಕೊಳ್ಳುತ್ತದೆ ಎಂಬುದು ಅವರ ವಾದ. ಅದರಲ್ಲಿ ನಿಜವಿತ್ತು. ಮುರಿದ ಮೂಳೆ ಕೂಡಬೇಕಾದರೆ ಅದು ಅಲುಗಬಾರದು. ಎಕ್ಸ್‌ರೇ ಇಲ್ಲದ, ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ವಿಶ್ರಾಂತಿಯೇ ದೊಡ್ಡ ಔಷಧವಾಗಿತ್ತು.

ತಪ್ಪಾದದ್ದು ಮುಂದೆ. ಮುರಿದ ಕಾಲಿಗೆ ಬೇಕಾದ ವಿಶ್ರಾಂತಿಯನ್ನು ಇಡೀ ಮನುಷ್ಯನಿಗೆ ಹಚ್ಚಿದರು. ಹೊಟ್ಟೆ ಆಪರೇಷನ್ ಆದವರು ಎರಡು ಮೂರು ವಾರ ಮಲಗಬೇಕು. ಹೆರಿಗೆಯಾದವರು ಹತ್ತಾರು ದಿನ ಏಳಬಾರದು. ಹೃದಯಾಘಾತವಾದವರು ವಾರಗಟ್ಟಲೆ ಅಲುಗಲೇಬಾರದು, ಊಟವನ್ನೂ ಬೇರೆಯವರೇ ತಿನ್ನಿಸಬೇಕು. ನಮ್ಮ ಮನೆಗಳಲ್ಲಿ ಬಾಣಂತಿಯನ್ನು ಹೊರಸಿನ ಮೇಲೆ ಇರಿಸಿ ಕಾಯುವ ಪದ್ಧತಿ ಮೊದಲೇ ಇತ್ತು. ಡಾಕ್ಟರರ ಮಾತೂ ಅದಕ್ಕೆ ಕೂಡಿದಾಗ ಎರಡೂ ಒಂದನ್ನೊಂದು ಗಟ್ಟಿ ಮಾಡಿದವು.

ಹೀಗೆ ಮಲಗಿದವರಲ್ಲಿ ಕೆಲವರು ಆಪರೇಷನ್ ಚೆನ್ನಾಗಿ ಆದ ಮೇಲೂ ಇದ್ದಕ್ಕಿದ್ದಂತೆ ಸಾಯುತ್ತಿದ್ದರು. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಕಿತ್ತು ಎದೆಗೆ ಹೋಗಿ ಉಸಿರು ನಿಲ್ಲಿಸುತ್ತಿತ್ತು. ಕೆಲವರಿಗೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತಿತ್ತು. ಬೆನ್ನಿಗೆ, ಹಿಮ್ಮಡಿಗೆ ಹುಣ್ಣು ಬೀಳುತ್ತಿತ್ತು. ಇವೆಲ್ಲ ರೋಗದ ಫಲ ಎಂದೇ ಬಹಳ ಜನ ತಿಳಿದಿದ್ದರು. ಹಾಸಿಗೆಯ ಫಲವೂ ಇರಬಹುದು ಎಂದು ಅನುಮಾನ ಪಟ್ಟವರು ಕೆಲವರೇ.

ಹಾಸಿಗೆಯ ಮೇಲೆ ಅನುಮಾನ

1899ರಲ್ಲಿ ಅಮೆರಿಕದ ಶಿಕಾಗೋದ ಡಾ. ಎಮಿಲ್ ರೀಸ್, ಆಪರೇಷನ್ ಆದ ಹೆಂಗಸರನ್ನು ಒಂದೆರಡು ದಿನದಲ್ಲೇ ಎಬ್ಬಿಸುತ್ತಿದ್ದೇನೆ, ಅವರು ಚೆನ್ನಾಗಿದ್ದಾರೆ ಎಂದು ಬರೆದರು. ಹೆಚ್ಚು ಜನ ಕಿವಿಗೊಡಲಿಲ್ಲ. ಸುಮಾರು ನಲವತ್ತು ವರ್ಷ ಆ ಮಾತು ಮೂಲೆಯಲ್ಲೇ ಉಳಿಯಿತು.

ಕಿವಿಗೊಡುವಂತೆ ಮಾಡಿದ್ದು ಎರಡನೇ ಮಹಾಯುದ್ಧ. ಗಾಯಾಳುಗಳು ಸಾವಿರ ಸಾವಿರ, ಮಂಚಗಳು ಕಡಿಮೆ, ನರ್ಸುಗಳು ಇನ್ನೂ ಕಡಿಮೆ. ಬೇಗ ಎಬ್ಬಿಸದೆ ಬೇರೆ ದಾರಿ ಇರಲಿಲ್ಲ. ಎಬ್ಬಿಸಿದವರು ಕೆಡಲಿಲ್ಲ, ಬೇಗ ಗುಣವಾದರು. 1944ರಲ್ಲಿ ಡಾ. ವಿಲಿಯಂ ಡಾಕ್ ಪೂರ್ತಿ ಮಲಗಿಸುವುದರ ಕೇಡುಗಳನ್ನು ಪಟ್ಟಿ ಮಾಡಿದರು. 1946ರಲ್ಲಿ ಡೆಟ್ರಾಯ್ಟ್ ನಗರದ ಸರ್ಜನ್ ಡೇನಿಯಲ್ ಲೈಥೌಸರ್, ಆಪರೇಷನ್ ನಂತರ ಬೇಗ ನಡೆಸುವುದರ ಬಗ್ಗೆಯೇ ಒಂದು ಪುಸ್ತಕ ತಂದರು. 1947ರಲ್ಲಿ ಲಂಡನ್ನಿನ ಡಾ. ರಿಚರ್ಡ್ ಆಶರ್, ಹಾಸಿಗೆ ಹಿಡಿಯುವುದರಿಂದ ಶ್ವಾಸಕೋಶಕ್ಕೆ, ರಕ್ತಕ್ಕೆ, ಮೂಳೆಗೆ, ಚರ್ಮಕ್ಕೆ, ಕೊನೆಗೆ ಮನಸ್ಸಿಗೆ ಏನೇನಾಗುತ್ತದೆ ಎಂದು ಒಂದೊಂದಾಗಿ ಬರೆದರು. ಭಾರತ ಸ್ವತಂತ್ರವಾದ ವರ್ಷವೇ ಅದು.

1952ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಸ್ಯಾಮ್ಯುಯೆಲ್ ಲೆವಿನ್ ಮತ್ತು ಡಾ. ಬರ್ನಾರ್ಡ್ ಲೌನ್ ಇನ್ನೂ ಮುಂದೆ ಹೋದರು. ಹೃದಯಾಘಾತವಾದ 81 ಜನರನ್ನು ಮಲಗಿಸುವ ಬದಲು ದಿನದ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂರಿಸಿದರು. ಅಂದಿನ ಡಾಕ್ಟರರಿಗೆ ಇದು ಕೊಲೆಯಂತೆ ಕಂಡಿತು. ಆದರೆ ರೋಗಿಗಳು ಚೇತರಿಸಿಕೊಂಡರು. ಒಂದು ಸಾದಾ ಕುರ್ಚಿ ಆ ಕಾಲದ ನಂಬಿಕೆಯನ್ನು ಅಲುಗಾಡಿಸಿತು.

ಆಮೇಲೆ ಲೆಕ್ಕ ಇಟ್ಟು ನೋಡಿದರು. 1966ರಲ್ಲಿ ಡಲ್ಲಾಸ್ ನಗರದಲ್ಲಿ 20 ವರ್ಷದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಮಲಗಿಸಿ ಪರೀಕ್ಷಿಸಿದರು. 30 ವರ್ಷ ಬಿಟ್ಟು ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಗೊತ್ತಾದದ್ದು: ದುಡಿಯುವ ಶಕ್ತಿಯನ್ನು 30 ವರ್ಷದ ವಯಸ್ಸು ಕುಗ್ಗಿಸಿದ್ದಕ್ಕಿಂತ ಆ ಮೂರು ವಾರದ ಹಾಸಿಗೆಯೇ ಹೆಚ್ಚು ಕುಗ್ಗಿಸಿತ್ತು. 2007ರಲ್ಲಿ ಬಂದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ರೋಗವೇ ಇಲ್ಲದ ಹಿರಿಯರು 10 ದಿನ ಮಲಗಿದ್ದಕ್ಕೆ ಕಾಲುಗಳಲ್ಲಿ ಸುಮಾರು 1 ಕಿಲೋ ಮಾಂಸ ಕಳೆದುಕೊಂಡರು. ಹತ್ತು ದಿನದ ಹಿಂದೆ ನಡೆದುಕೊಂಡೇ ದವಾಖಾನೆಗೆ ಬಂದ ಮುತ್ಯಾ, ಜ್ವರ ಬಿಟ್ಟ ಮೇಲೂ ಯಾಕೆ ನಿಲ್ಲಲಾರ ಎಂಬುದಕ್ಕೆ ಉತ್ತರ ಇಲ್ಲಿದೆ.

ನಮ್ಮ ಭಾಗಕ್ಕೆ ಬಂದದ್ದು ಅರ್ಧ

ಇದೆಲ್ಲ ನಡೆಯುವಾಗ ನಮ್ಮ ಮೂರು ತಾಲೂಕುಗಳು ಎಲ್ಲಿದ್ದವು? 1948ರ ಸೆಪ್ಟೆಂಬರ್ 17ರವರೆಗೆ ಗುಲಬರ್ಗಾ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ದೊಡ್ಡ ಕಾಯಿಲೆ ಬಂದರೆ ಜನ ಸೊಲ್ಲಾಪುರಕ್ಕೆ, ಹೈದರಾಬಾದಿಗೆ, ಇನ್ನೂ ದೂರದ ಮಿರಜಕ್ಕೆ ಹೋಗುತ್ತಿದ್ದರು. ಮಿರಜದಲ್ಲಿ ಮಿಷನರಿ ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ಶುರು ಮಾಡಿದ ದವಾಖಾನೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲೂ ಹೆಸರಾಗಿತ್ತು. 1963ರಲ್ಲಿ ಗುಲಬರ್ಗಾದಲ್ಲೇ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು ಆರಂಭವಾಯಿತು. 2013ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಬಂತು.

ಮಿರಜದ ದವಾಖಾನೆ ಶುರುವಾದ ಅದೇ 1894ರಲ್ಲಿ ಲಂಡನ್ನಿನಲ್ಲಿ ನಾಲ್ವರು ನರ್ಸುಗಳು ಸೇರಿ ಒಂದು ಸಂಘ ಕಟ್ಟಿದರು. ಮಾಲೀಸು ಮತ್ತು ವ್ಯಾಯಾಮದ ಚಿಕಿತ್ಸೆಯನ್ನು ಕಲಿತವರೇ ಮಾಡಬೇಕು ಎಂಬುದು ಅವರ ಹಟ. ಅದೇ ಮುಂದೆ ಬ್ರಿಟನ್ನಿನ ಫಿಜಿಯೋಥೆರಪಿ ಸಂಘವಾಯಿತು. ರೋಗಿಯನ್ನು ಹಿಡಿದು ನಿಲ್ಲಿಸುವುದೂ ಒಂದು ವಿದ್ಯೆ, ಅದಕ್ಕೂ ತರಬೇತಿ ಬೇಕು ಎಂದು ಲೋಕ ಒಪ್ಪಲು ಶುರುವಾದದ್ದು ಹೀಗೆ.

ಭಾರತದಲ್ಲಿ ಫಿಜಿಯೋಥೆರಪಿ ಶಾಲೆ ಬಂದದ್ದು 1950ರ ದಶಕದ ಆರಂಭದಲ್ಲಿ, ಮುಂಬೈಯಲ್ಲಿ. ಪೋಲಿಯೋದಿಂದ ಕಾಲು ಸೋತ ಮಕ್ಕಳನ್ನು ನಿಲ್ಲಿಸುವುದು ಅದರ ಮೊದಲ ಕೆಲಸಗಳಲ್ಲಿ ಒಂದು. ತಮಿಳುನಾಡಿನ ವೆಲ್ಲೂರಿನಲ್ಲಿ ಡಾ. ಮೇರಿ ವರ್ಗೀಸ್ 1954ರಲ್ಲಿ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಶಕ್ತಿ ಕಳೆದುಕೊಂಡರು. ಗಾಲಿ ಕುರ್ಚಿಯಲ್ಲೇ ಕೂತು ಆಪರೇಷನ್ ಮಾಡಿದರು. 1966ರಲ್ಲಿ ಅವರ ಮುಂದಾಳತ್ವದಲ್ಲಿ ವೆಲ್ಲೂರಿನ ಪುನರ್ವಸತಿ ಕೇಂದ್ರ ತೆರೆಯಿತು. ತಾವೇ ಎದ್ದು ನಿಲ್ಲಲಾರದ ಆ ಹೆಣ್ಣುಮಗಳು ಬೇರೆಯವರನ್ನು ನಿಲ್ಲಿಸುವ ದಾರಿ ಕಟ್ಟಿದರು. 1968ರ ಹೊತ್ತಿಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ಸೇರಿ ರಬ್ಬರಿನ ಕೃತಕ ಪಾದ ಮಾಡಿದರು. ಅದನ್ನು ಹಾಕಿಕೊಂಡು ಬರಿಗಾಲಿನಂತೆ ಹೊಲದಲ್ಲಿ ನಡೆಯಬಹುದು, ಚಕ್ಕಳಮಕ್ಕಳ ಹಾಕಿ ಕೂಡಬಹುದು. ನಮ್ಮ ಜನ ಹೇಗೆ ಕೂಡುತ್ತಾರೆ, ಎಲ್ಲಿ ನಡೆಯುತ್ತಾರೆ ಎಂಬುದನ್ನು ನೋಡಿ ಮಾಡಿದ ಪಾದ ಅದು.

ಇಷ್ಟೆಲ್ಲ ಆದರೂ ಹಳ್ಳಿಯ ರೋಗಿಯ ಮಂಚದ ಹತ್ತಿರ ಕಲಿತ ಕೈ ಬರಲಿಲ್ಲ. ಕಾರಣ ಹುಡುಕಿದರೆ 1946ರ ಭೋರ್ ಸಮಿತಿ ವರದಿಯಲ್ಲಿ ಒಂದು ಲೆಕ್ಕ ಸಿಗುತ್ತದೆ. ಅಂದಿನ ಬ್ರಿಟಿಷ್ ಇಂಡಿಯಾದಲ್ಲಿ 43 ಸಾವಿರ ಜನಕ್ಕೆ ಒಬ್ಬ ನರ್ಸ್ ಇದ್ದರು. ಇಷ್ಟು ಕಡಿಮೆ ನರ್ಸುಗಳಿದ್ದ ದೇಶದಲ್ಲಿ ರೋಗಿಯ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಎಬ್ಬಿಸುವುದು ಮನೆಯವರ ಪಾಲಿಗೇ ಉಳಿಯಿತು. ಆಮೇಲೆ ನರ್ಸುಗಳ ಸಂಖ್ಯೆ ಬಹಳ ಬೆಳೆಯಿತು. ಆದರೂ ಆ ರೂಢಿ ಹಾಗೇ ಉಳಿಯಿತು. ರೌಂಡಿಗೆ ಬಂದ ಡಾಕ್ಟರು "ನಾಳಿಯಿಂದ ನಡೆಸ್ರಿ" ಎಂದು ಮುಂದಿನ ಮಂಚಕ್ಕೆ ಹೋಗುತ್ತಾರೆ. ಕೇಳಿಸಿಕೊಂಡ ಸೊಸೆಗೆ ಮಾವನನ್ನು ಎಲ್ಲಿ ಹಿಡಿಯಬೇಕು ಎಂಬುದೇ ತಿಳಿಯದು.

ಈ ಕೈ ಎಷ್ಟು ಕೆಲಸ ಮಾಡುತ್ತಿತ್ತು ಎಂಬುದು ಕಣ್ಣಿಗೆ ಬಿದ್ದದ್ದು 2020ರಲ್ಲಿ. ದೇಶದ ಮೊದಲ ಕೊರೋನಾ ಸಾವು ಕಲಬುರಗಿಯ ಹಿರಿಯರೊಬ್ಬರದು. ಕೊರೋನಾ ವಾರ್ಡಿನೊಳಗೆ ಮನೆಯವರನ್ನು ಬಿಡದೆ ಇದ್ದಾಗ, ಅದುವರೆಗೆ ಅವರು ಮಾಡುತ್ತಿದ್ದ ಕೆಲಸವೆಲ್ಲ ಕೆಲವೇ ಸಿಬ್ಬಂದಿಯ ಮೇಲೆ ಬಿತ್ತು.

ಬೀಳುತ್ತಾರೆಂಬ ಭಯ

ಹೇಗೆ ಹಿಡಿಯಬೇಕೆಂದು ತಿಳಿಯದಿದ್ದಾಗ ಎರಡು ತಪ್ಪುಗಳು ಆಗುತ್ತವೆ. ಒಂದು, ರಟ್ಟೆ ಹಿಡಿದು ಜಗ್ಗಿ ಎಬ್ಬಿಸಿ ಬೀಳಿಸುವುದು. ಇನ್ನೊಂದು, ಬಿದ್ದಾರೆಂಬ ಭಯಕ್ಕೆ ಎಬ್ಬಿಸದೇ ಇರುವುದು.

ಎರಡನೆಯದು ನಮ್ಮ ಮನೆಗಳಲ್ಲಷ್ಟೇ ಅಲ್ಲ, ದೊಡ್ಡ ದೇಶಗಳಲ್ಲೂ ಇದೆ. 2008ರಿಂದ ಅಮೆರಿಕದ ಸರ್ಕಾರಿ ವಿಮೆ, ಆಸ್ಪತ್ರೆಯೊಳಗೆ ಬಿದ್ದು ಆದ ಗಾಯದ ಹೆಚ್ಚಿನ ಖರ್ಚು ಕೊಡುವುದನ್ನು ನಿಲ್ಲಿಸಿತು. ಬೀಳದಂತೆ ನೋಡಿಕೊಳ್ಳಲಿ ಎಂಬುದು ಉದ್ದೇಶ. ಆದರೆ ಇದರಿಂದ ರೋಗಿಯನ್ನು ಮಂಚ ಬಿಟ್ಟು ಇಳಿಯಗೊಡದ ಚಾಳಿ ಬೆಳೆಯುತ್ತದೆ ಎಂದು ಅಲ್ಲಿನ ಡಾಕ್ಟರರೇ ಎಚ್ಚರಿಸಿದರು. ಮಂಚದ ಮೇಲಿದ್ದವರು ಬೀಳುವುದಿಲ್ಲ ನಿಜ. ಆದರೆ ದಿನದಿನಕ್ಕೆ ಕಾಲಿನ ಶಕ್ತಿ ಇಳಿಯುತ್ತದೆ. ಮನೆಗೆ ಹೋದ ಮೇಲೆ ಹೊಸ್ತಿಲು ದಾಟುವಾಗ ಬೀಳುತ್ತಾರೆ.

ಹಾಗಾಗಿ ಎಬ್ಬಿಸಲೇಬೇಕು, ಬೀಳಿಸಲೂಬಾರದು. ಎರಡನ್ನೂ ಕೂಡಿಸುವ ವಿದ್ಯೆ ನರ್ಸುಗಳು ಮತ್ತು ಫಿಜಿಯೋಥೆರಪಿಸ್ಟರು ನೂರು ವರ್ಷದಲ್ಲಿ ಕಲಿತು ಕೂಡಿಟ್ಟದ್ದು. ಅದರಲ್ಲಿ ಮನೆಯವರ ಕೈಗೆ ಬೇಕಾದಷ್ಟನ್ನು ಇಲ್ಲಿ ಕೊಡುತ್ತಿದ್ದೇವೆ.

ಕೈ ಕಲಿಯಬೇಕಾದ ವಿದ್ಯೆ

ಮೊದಲು ಕೇಳಿ. ಡಾಕ್ಟರ್ ಅಥವಾ ಸಿಸ್ಟರ್ ಹೇಳುವ ತನಕ ಎಬ್ಬಿಸಬೇಡಿ. ಬೆನ್ನು ಅಥವಾ ಕುತ್ತಿಗೆಗೆ ಪೆಟ್ಟಾದವರು, ತೊಡೆ ಅಥವಾ ಸೊಂಟದ ಮೂಳೆ ಮುರಿದು ಇನ್ನೂ ಆಪರೇಷನ್ ಆಗದವರು, ಎದೆನೋವು ಅಥವಾ ಏದುಸಿರು ಇರುವವರು, ಆಗಷ್ಟೇ ಲಕ್ವಾ ಹೊಡೆದವರು: ಇವರನ್ನು ನಾವಾಗಿ ಎಬ್ಬಿಸುವಂತಿಲ್ಲ. ಕಾಲಿನ ಆಪರೇಷನ್ ಆಗಿದ್ದರೆ "ಈ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು?" ಎಂದು ಕೇಳಲೇಬೇಕು.

ಎಬ್ಬಿಸುವ ಮೊದಲು ನೆಲ ನೋಡಿ. ಒದ್ದೆ ಇದ್ದರೆ ಒರೆಸಿ. ಬರೀ ಸಾಕ್ಸ್ ಬೇಡ, ಸಡಿಲ ಚಪ್ಪಲಿಯೂ ಬೇಡ. ಧೋತರದ ಚುಂಗು, ಸೀರೆಯ ಅಂಚು ಕಾಲಿಗೆ ತೊಡರದಂತೆ ಮೇಲೆ ಕಟ್ಟಿ. ಮಂಚಕ್ಕೆ ಗಾಲಿ ಇದ್ದರೆ ಬ್ರೇಕ್ ಹಾಕಿ. ಸಲೈನ್ ನಳಿಗೆ ಜಗ್ಗದಂತೆ ಸಡಿಲ ಬಿಡಿ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ. ಕೂಡಲು ಒಂದು ಕುರ್ಚಿ ಹತ್ತಿರವೇ ಇರಲಿ.

ನೇರ ನಿಲ್ಲಿಸಬೇಡಿ. ಮೊದಲು ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗೆ ಬಿಟ್ಟು, ಮಂಚದ ಅಂಚಿನಲ್ಲಿ ಎರಡು ಮೂರು ನಿಮಿಷ ಕೂರಿಸಿ. "ಮುತ್ಯಾ, ಗಡಬಡಿ ಮಾಡಬ್ಯಾಡ, ಮೊದಲ ಸ್ವಲ್ಪ ಕುಂದ್ರು" ಎಂಬ ಮಾತಿನಲ್ಲಿ ದೊಡ್ಡ ವೈದ್ಯಶಾಸ್ತ್ರವಿದೆ. ದಿನಗಟ್ಟಲೆ ಮಲಗಿದವರು ಒಮ್ಮೆಲೇ ನಿಂತರೆ ರಕ್ತ ಕಾಲಿಗೆ ಇಳಿದು, ಬಿಪಿ ತಗ್ಗಿ, ಕಣ್ಣು ಕತ್ತಲೆ ಬರುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20ರಷ್ಟು ಇಳಿದರೆ ಡಾಕ್ಟರರು ಅದನ್ನು ಎಚ್ಚರಿಕೆಯ ಗಂಟೆ ಎನ್ನುತ್ತಾರೆ. "ತಲೆ ತಿರಗತದೇನು?" ಎಂದು ಕೇಳಿ. ಹೌದೆಂದರೆ ಮತ್ತೆ ಮಲಗಿಸಿ ಸಿಸ್ಟರನ್ನು ಕರೆಯಿರಿ.

ನಿಲ್ಲುವಾಗ ರೋಗಿಯ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು, ಮೊಣಕಾಲಿಗಿಂತ ಸ್ವಲ್ಪ ಹಿಂದಿರಬೇಕು. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಲಿ. ಕೈಯಿಂದ ಮಂಚವನ್ನು ಒತ್ತಿ ತಾವೇ ಏಳಲಿ. "ಒಂದು, ಎರಡು, ಮೂರು" ಎಂದು ಎಣಿಸಿ ಇಬ್ಬರೂ ಒಟ್ಟಿಗೆ ಏಳಿ. ನಿಮ್ಮದು ಆಧಾರ ಮಾತ್ರ, ಎತ್ತುವ ಕೆಲಸ ಅಲ್ಲ.

ಹಿಡಿಯುವ ಜಾಗ ನಡು. ಸೋತ ಕಾಲಿನ ಕಡೆ, ಸ್ವಲ್ಪ ಹಿಂದೆ ನಿಲ್ಲಿ. ಒಂದು ಕೈ ರೋಗಿಯ ನಡುವಿಗೆ ಇರಲಿ. ಗಟ್ಟಿ ಟವೆಲ್ ಅಥವಾ ಬಟ್ಟೆಯನ್ನು ಮಡಚಿ ನಡುವಿಗೆ ಕಟ್ಟಿ ಅದನ್ನು ಹಿಡಿದರೆ ಇನ್ನೂ ಒಳ್ಳೆಯದು. ಹೊಟ್ಟೆ ಆಪರೇಷನ್ ಆದವರಿಗೆ ಮಾತ್ರ ಕಟ್ಟಬೇಡಿ. ಬಗಲಿಗೆ ಕೈ ಹಾಕಿ ಎತ್ತಬೇಡಿ, ಕೈ ಹಿಡಿದು ಜಗ್ಗಬೇಡಿ. ಲಕ್ವಾ ಆದವರ ಸೋತ ಕೈ ಜಗ್ಗಿದರೆ ಭುಜದ ಕೀಲೇ ಸಡಿಲಾಗುತ್ತದೆ. ರೋಗಿ ನಿಮ್ಮ ಕುತ್ತಿಗೆಗೆ ಜೋತು ಬೀಳಲೂ ಬಿಡಬೇಡಿ.

ನಡೆಯುವಾಗ ವಾಕರ್ ಮೊದಲು ಮುಂದೆ, ಆಮೇಲೆ ನೋವಿನ ಕಾಲು, ಕೊನೆಗೆ ಗಟ್ಟಿ ಕಾಲು. ಕೋಲು ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ. ಬಲಗಾಲು ನೋವಿದ್ದರೆ ಎಡಗೈಯಲ್ಲಿ ಕೋಲು. ನಮ್ಮ ಊರುಗಳಲ್ಲಿ ಎಷ್ಟೋ ಹಿರಿಯರು ಇದನ್ನು ತಿರುಗುಮುರುಗು ಹಿಡಿಯುತ್ತಾರೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೂಡುವಾಗ ಕಾಲಿನ ಹಿಂಭಾಗಕ್ಕೆ ಕುರ್ಚಿ ತಾಗಿದ ಮೇಲೆಯೇ ಕೈ ಹಿಂದೆ ಚಾಚಿ ನಿಧಾನ ಕೂಡಬೇಕು.

ಬೀಳತೊಡಗಿದರೆ ಎತ್ತಿ ಹಿಡಿಯಲು ಹೋಗಬೇಡಿ, ಇಬ್ಬರೂ ಬೀಳುತ್ತೀರಿ. ಕಾಲು ಅಗಲಿಸಿ ನಿಂತು, ರೋಗಿಯನ್ನು ನಿಮ್ಮ ಮೈಗೆ ಒರಗಿಸಿಕೊಂಡು, ನಿಮ್ಮ ಕಾಲಿನ ಮೇಲೆ ಜಾರಿಸುತ್ತಾ ನೆಲಕ್ಕೆ ಇಳಿಸಿ. ತಲೆ ಕಾಪಾಡಿ. ಕೂಡಲೇ ಎತ್ತಬೇಡಿ. ಸಿಸ್ಟರ್ ಬಂದು ಮೂಳೆ ನೋಡಲಿ.

ನಿಮ್ಮ ಬೆನ್ನನ್ನೂ ನೋಡಿಕೊಳ್ಳಿ. ರೋಗಿಯ ಹತ್ತಿರ ನಿಂತು, ಮೊಣಕಾಲು ಬಗ್ಗಿಸಿ, ಬೆನ್ನು ನೇರ ಇಟ್ಟುಕೊಳ್ಳಿ. ಸೊಂಟ ತಿರುಚಬೇಡಿ. ಬ್ರಿಟನ್ನಿನಲ್ಲಿ 1992ರಿಂದ, ಭಾರ ಎತ್ತುವ ಕೆಲಸಗಾರರ ಬೆನ್ನು ಕಾಯಲೆಂದೇ ನಿಯಮಗಳಿವೆ, ನರ್ಸುಗಳಿಗೂ ಅವು ಅನ್ವಯ. ನಮ್ಮ ಮನೆಯ ಹೆಣ್ಣುಮಕ್ಕಳ ಬೆನ್ನಿಗೆ ಅಂಥ ನಿಯಮ ಇಲ್ಲ. ರೋಗಿ ಭಾರ ಇದ್ದರೆ ಒಬ್ಬರೇ ಸಾಹಸ ಮಾಡದೆ ಇನ್ನೊಬ್ಬರನ್ನು ಕರೆಯಿರಿ.

ಸಿಜೇರಿಯನ್ ಆದ ಬಾಣಂತಿಯರ ಬಗ್ಗೆ ಒಂದು ಮಾತು. ಸಿಸ್ಟರ್ ಮರುದಿನವೇ ಏಳು ಎಂದರೆ "ಹಸಿ ಮೈ, ಹೆಂಗ ಏಳತಾಳ?" ಎಂದು ಹಿರಿಯರು ತಡೆಯುವುದುಂಟು. ಗರ್ಭಿಣಿ ಮತ್ತು ಬಾಣಂತಿಯರಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ನಾಲ್ಕು ಹೆಜ್ಜೆ ನಡೆಸುವುದು ಆ ಗಡ್ಡೆಯಿಂದ ಕಾಯುವ ದಾರಿ. ತಾಯಂದಿರ ಪ್ರೀತಿ ಈಗ ಹೊರಸಿನ ಬದಲು ಹೆಗಲು ಕೊಡಲಿ.

ಈಗ ತೆರೆಯುತ್ತಿರುವ ಬಾಗಿಲು

ಮನೆಯವರ ಕೈಯನ್ನು ಗುರುತಿಸುವ ಕೆಲಸ ಕೊನೆಗೂ ಶುರುವಾಗಿದೆ, ಅದೂ ನಮ್ಮ ರಾಜ್ಯದಲ್ಲೇ. 2010ರ ದಶಕದಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ, ಆಪರೇಷನ್ ಆದವರ ಮನೆಯವರನ್ನು ವಾರ್ಡಿನಲ್ಲೇ ಕೂರಿಸಿಕೊಂಡು ಆರೈಕೆ ಕಲಿಸುವ ಪ್ರಯೋಗ ನಡೆಯಿತು. ಅದರಿಂದ ಬೆಳೆದ ನೂರಾ ಹೆಲ್ತ್ ಎಂಬ ಸಂಸ್ಥೆಯ ಕೆಲಸ ಮುಂದೆ ಕರ್ನಾಟಕ, ಪಂಜಾಬ್‌ಗಳ ಸರ್ಕಾರಿ ಆಸ್ಪತ್ರೆಗಳಿಗೂ ಹಬ್ಬಿತು. ಹೊರಗೆ ಕಾಯುತ್ತಾ ಕೂತವರು ಅಡ್ಡಿಯಲ್ಲ, ಅವರೇ ಆರೈಕೆಯ ಬಲ ಎಂಬುದು ಅದರ ತಿರುಳು.

2017ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ವಯೋಶ್ರೀ ಯೋಜನೆ ಆರಂಭಿಸಿತು. ಬಡ ಕುಟುಂಬದ ಹಿರಿಯ ನಾಗರಿಕರಿಗೆ ಕೋಲು, ವಾಕರ್, ಗಾಲಿ ಕುರ್ಚಿಯಂಥವನ್ನು ಶಿಬಿರಗಳ ಮೂಲಕ ಉಚಿತವಾಗಿ ಕೊಡುವ ಯೋಜನೆ ಇದು. 2021ರಲ್ಲಿ ಫಿಜಿಯೋಥೆರಪಿಸ್ಟರೂ ಸೇರಿದಂತೆ ಡಾಕ್ಟರರ ಜೊತೆ ದುಡಿಯುವ ಹಲವು ವೃತ್ತಿಯವರಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು.

ಕಾಯ್ದೆ, ಯೋಜನೆ ಬರಲಿ. ಅವು ನಮ್ಮ ಮಂಚದ ತನಕ ಬರಬೇಕಾದರೆ ನಾವು ಬಾಯಿ ಬಿಟ್ಟು ಕೇಳಬೇಕು. ರೋಗಿಯನ್ನು ಮನೆಗೆ ಕರೆತರುವ ಮೊದಲು ಮೂರು ಪ್ರಶ್ನೆ ಕೇಳಿ. ಇವರು ಯಾವಾಗಿಂದ, ದಿನಕ್ಕೆ ಎಷ್ಟು ಸಲ ಏಳಬೇಕು? ಯಾವ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ಎಲ್ಲಿ ಹಿಡಿಯಬೇಕು, ಒಂದು ಸಲ ನನ್ನ ಕೈಯಿಂ‌ದಲೇ ಮಾಡಿಸಿ ತೋರಿಸುತ್ತೀರಾ?

ಮೂರನೆಯದನ್ನು ಬಿಡಬೇಡಿ. ಎಮಿಲ್ ರೀಸ್ ಬರೆದದ್ದು ಲೋಕಕ್ಕೆ ಕೇಳಿಸಲು ನಲವತ್ತು ವರ್ಷ ಬೇಕಾಯಿತು. ಸಿಸ್ಟರ್ ನಿಮಗೆ ಕೈ ಹಿಡಿದು ತೋರಿಸಲು ಐದು ನಿಮಿಷ ಸಾಕು. ಬಾಯಿ ಬಿಟ್ಟು ಕೇಳಿದರೆ ಆ ಐದು ನಿಮಿಷ ಸಿಗುತ್ತದೆ.